ಬೆಂಗಳೂರಿನ ಪ್ರವಾಹ ನಿರ್ವಹಣೆಯ ಕುರಿತ ಟೀಕೆಗಳು

ಬೆಂಗಳೂರಿನ ಪ್ರವಾಹ ನಿರ್ವಹಣೆಯ ಕುರಿತ ಟೀಕೆಗಳು ಎಂಬುದು ಕರ್ನಾಟಕದ ರಾಜಧಾನಿ ಬೆಂಗಳೂರಿನಲ್ಲಿ ಮಳೆಗಾಲದಲ್ಲಿ ಮರುಕಳಿಸುವ ನೆರೆಗೆ ರಾಜ್ಯ ಸರ್ಕಾರ, ನಗರಪಾಲಿಕೆ ಹಾಗೂ ಸಂಬಂಧಿತ ಸಂಸ್ಥೆಗಳು ಸ್ಪಂದಿಸಿದ ರೀತಿಯ ಬಗ್ಗೆ ನಾಗರಿಕರು, ಲೆಕ್ಕಪರಿಶೋಧಕರು, ನ್ಯಾಯಾಲಯಗಳು, ಪರಿಸರ ತಜ್ಞರು ಮತ್ತು ವಿರೋಧ ಪಕ್ಷಗಳು ಎತ್ತಿರುವ ಆಕ್ಷೇಪಗಳನ್ನು ಸೂಚಿಸುತ್ತದೆ. ಈ ಆಕ್ಷೇಪಗಳು ಒಂದು ಪಕ್ಷದ ಅಥವಾ ಒಂದು ಅವಧಿಯ ಸರ್ಕಾರಕ್ಕೆ ಸೀಮಿತವಾಗಿಲ್ಲ. 2005ರಿಂದ 2025ರವರೆಗೆ ಅಧಿಕಾರ ನಡೆಸಿದ ಎಲ್ಲ ಪ್ರಮುಖ ಪಕ್ಷಗಳ ಸರ್ಕಾರಗಳೂ ಇವನ್ನು ಎದುರಿಸಿವೆ. ಕೆರೆ ಮತ್ತು ರಾಜಕಾಲುವೆಗಳ ಒತ್ತುವರಿ, ಮುನ್ಸೂಚನೆ ದೊರೆತರೂ ಪೂರ್ವಸಿದ್ಧತೆ ನಡೆಯದಿರುವುದು, ತೆರವು ಕಾರ್ಯಾಚರಣೆಯಲ್ಲಿನ ತಾರತಮ್ಯ, ಪರಿಹಾರ ವಿತರಣೆಯ ಕುಂದುಗಳು ಮತ್ತು ಹೊಣೆಗಾರಿಕೆಯ ಅಭಾವ ಇವು ಟೀಕೆಯ ಮುಖ್ಯ ವಿಷಯಗಳಾಗಿವೆ.

ಭೌಗೋಳಿಕ ಹಿನ್ನೆಲೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲೆ, ಜಲವಿಭಾಜಕ ದಿಬ್ಬದ ಎರಡೂ ಪಕ್ಕಗಳಲ್ಲಿ ಹಬ್ಬಿಕೊಂಡಿದೆ. ನಗರದ ಮೂಲಕ ದೊಡ್ಡ ನದಿ ಹರಿಯುವುದಿಲ್ಲ. ಆದ್ದರಿಂದ ಇಲ್ಲಿನ ಪ್ರವಾಹಗಳು ನದಿ ಉಕ್ಕಿ ಬರುವಂಥವಲ್ಲ. ಬಿದ್ದ ಮಳೆಯ ನೀರಿಗೆ ಹೋಗಲು ದಾರಿ ಇಲ್ಲದೆ ನಿಲ್ಲುವುದರಿಂದ ಉಂಟಾಗುವಂಥವು. ಮಳೆನೀರು ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಹರಿದುಹೋಗುತ್ತದೆ. ಪಶ್ಚಿಮದ ವೃಷಭಾವತಿ ಕಣಿವೆಯ ನೀರು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಹೆಬ್ಬಾಳ ಕಣಿವೆ ಹಾಗೂ ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ನೀರು ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ.

ಕೆರೆಗಳ ಸರಣಿ

ಈ ಭೂಪ್ರದೇಶದಲ್ಲಿ ಶತಮಾನಗಳಿಂದ ಕಟ್ಟಿದ ಕೆರೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಮೇಲಿನ ಕೆರೆ ತುಂಬಿ ಕೋಡಿ ಹರಿದಾಗ ಆ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೆ ಸೇರುತ್ತಿತ್ತು. ಹೀಗೆ ಕೆರೆಯಿಂದ ಕೆರೆಗೆ ನೀರೊಯ್ಯುವ ದೊಡ್ಡ ಕಾಲುವೆಗಳಿಗೆ ರಾಜಕಾಲುವೆ ಎಂದು ಹೆಸರು. ತೂಬು ತೆರೆದು ನೀರು ಹಂಚುವ ಕೆಲಸವನ್ನು ಊರಿನ ನೀರುಗಂಟಿಗಳು ನೋಡಿಕೊಳ್ಳುತ್ತಿದ್ದರು. ಕೊಳವೆ ನೀರಿನ ಪೂರೈಕೆ ಬಂದು, ಕೃಷಿಭೂಮಿ ಬಡಾವಣೆಗಳಾಗಿ ಬದಲಾದಂತೆ ಕೆರೆಗಳು ಕುಡಿಯುವ ನೀರು ಮತ್ತು ನೀರಾವರಿಯ ಆಕರಗಳೆಂಬ ಮಹತ್ವವನ್ನು ಕಳೆದುಕೊಂಡವು. ಆದರೆ ಮಳೆನೀರನ್ನು ತಡೆದು ನಿಲ್ಲಿಸುವ ಅವುಗಳ ಕೆಲಸಕ್ಕೆ ಬದಲಿ ವ್ಯವಸ್ಥೆ ರೂಪುಗೊಳ್ಳಲಿಲ್ಲ.

ನಗರದ ಹೃದಯಭಾಗದ ಅನೇಕ ಕೆರೆಗಳು ಸಾರ್ವಜನಿಕ ನಿರ್ಮಾಣಗಳಿಗೇ ಬಳಕೆಯಾದವು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ, ಅಕ್ಕಿತಿಮ್ಮನಹಳ್ಳಿ ಕೆರೆಯ ಜಾಗದಲ್ಲಿ ಹಾಕಿ ಕ್ರೀಡಾಂಗಣ, ಚಲ್ಲಘಟ್ಟ ಕೆರೆಯ ಜಾಗದಲ್ಲಿ ಗಾಲ್ಫ್ ಮೈದಾನ ಬಂದವು. ಕೋರಮಂಗಲ ಕೆರೆಯ ಅಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ವಸತಿ ಸಮುಚ್ಚಯವನ್ನು ಕಟ್ಟಲಾಯಿತು. ಸಂಪಂಗಿ ಕೆರೆಯಲ್ಲಿ ಇಂದು ಕರಗದ ಆಚರಣೆಗೆ ಬೇಕಾದ ಸಣ್ಣ ಕೊಳವೊಂದು ಮಾತ್ರ ಉಳಿದಿದೆ. ಕೆರೆಗಳನ್ನು ಮೊದಲು ಮುಚ್ಚಿದವರು ಖಾಸಗಿ ಒತ್ತುವರಿದಾರರಲ್ಲ, ಸರ್ಕಾರಿ ಸಂಸ್ಥೆಗಳೇ ಎಂಬ ವಾದಕ್ಕೆ ಈ ಉದಾಹರಣೆಗಳನ್ನು ಮುಂದಿಡಲಾಗುತ್ತದೆ.

ಕೋರಮಂಗಲ ಕಣಿವೆ ಮತ್ತು ವಿಲ್ಸನ್ ಗಾರ್ಡನ್

ಲಾಲ್‌ಬಾಗಿನ ಪೂರ್ವಕ್ಕೆ, ಶಾಂತಿನಗರ ಹಾಗೂ ಆಡುಗೋಡಿಗಳ ನಡುವೆ ಇರುವ ವಿಲ್ಸನ್ ಗಾರ್ಡನ್ ಬಡಾವಣೆಯು ಕೋರಮಂಗಲ ಕಣಿವೆಯ ಮೇಲ್ಭಾಗದಲ್ಲಿದೆ. ಈ ಕಣಿವೆಯ ಮುಖ್ಯ ರಾಜಕಾಲುವೆಯನ್ನು ಪಾಲಿಕೆಯ ದಾಖಲೆಗಳಲ್ಲಿ ಕೆ–100 ಎಂದು ಗುರುತಿಸಲಾಗುತ್ತದೆ. ಅದು ಮೆಜೆಸ್ಟಿಕ್ ಪ್ರದೇಶದಿಂದ ಹೊರಟು ಕೃಷ್ಣರಾಜ ಮಾರುಕಟ್ಟೆ ಮತ್ತು ಶಾಂತಿನಗರಗಳನ್ನು ಹಾದು, ಕೋರಮಂಗಲದ ಮೂಲಕ ಬೆಳ್ಳಂದೂರು ಕೆರೆಯ ಕಡೆಗೆ ಸಾಗುತ್ತದೆ. ಮೇಲಿನ ಕೆರೆಗಳು ಇಲ್ಲವಾದುದರಿಂದ ನಗರ ಮಧ್ಯಭಾಗದ ಮಳೆನೀರೆಲ್ಲ ಎಲ್ಲಿಯೂ ತಂಗದೆ ಒಮ್ಮೆಗೇ ಈ ಕಾಲುವೆಗೆ ನುಗ್ಗುತ್ತದೆ. ಜೋರುಮಳೆಯ ಸಮಯದಲ್ಲಿ ಕಾಲುವೆ ತುಂಬಿದಾಗ ಅಕ್ಕಪಕ್ಕದ ಬಡಾವಣೆಗಳ ಚರಂಡಿಗಳು ಹಿಮ್ಮುಖವಾಗಿ ಹರಿದು, ಒಳಚರಂಡಿಯ ಕೊಳಚೆಯೊಂದಿಗೆ ನೀರು ತಗ್ಗಿನ ಮನೆಗಳಿಗೆ ನುಗ್ಗುವುದು ಈ ಭಾಗದ ಪ್ರವಾಹಗಳ ಸಾಮಾನ್ಯ ಸ್ವರೂಪವಾಗಿದೆ.

ಆಡಳಿತ ಮತ್ತು ಕಾನೂನಿನ ಚೌಕಟ್ಟು

ಭಾರತದಲ್ಲಿ ವಿಕೋಪಗಳ ನಿರ್ವಹಣೆಯು 2005ರ ವಿಪತ್ತು ನಿರ್ವಹಣಾ ಅಧಿನಿಯಮದಡಿ ನಡೆಯುತ್ತದೆ. ರಾಷ್ಟ್ರ, ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪ್ರಾಧಿಕಾರಗಳನ್ನು ರಚಿಸಿ, ಪ್ರತಿ ಹಂತದಲ್ಲೂ ಯೋಜನೆ ಸಿದ್ಧಪಡಿಸಬೇಕೆಂದು ಈ ಕಾಯ್ದೆ ಹೇಳುತ್ತದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2010ರಲ್ಲಿ ನಗರ ಪ್ರವಾಹಗಳಿಗಾಗಿಯೇ ಪ್ರತ್ಯೇಕ ಮಾರ್ಗಸೂಚಿಯನ್ನು ಹೊರಡಿಸಿತು. ನದಿಪ್ರವಾಹಕ್ಕಿಂತ ನಗರ ಪ್ರವಾಹ ಬೇರೆಯೇ ಬಗೆಯ ವಿಕೋಪವೆಂಬುದನ್ನು ಆ ಮಾರ್ಗಸೂಚಿ ಒಪ್ಪಿಕೊಂಡಿತು. 2025ರ ತಿದ್ದುಪಡಿಯು ರಾಜ್ಯ ರಾಜಧಾನಿಗಳಿಗೂ ಮಹಾನಗರ ಪಾಲಿಕೆಗಳಿರುವ ನಗರಗಳಿಗೂ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರವನ್ನು ರಚಿಸಲು ಅವಕಾಶ ಕಲ್ಪಿಸಿತು.

ಬೆಂಗಳೂರಿನಲ್ಲಿ ಈ ಹೊಣೆ ಹಲವು ಕೈಗಳಲ್ಲಿ ಹಂಚಿಹೋಗಿದೆ. ರಾಜಕಾಲುವೆಗಳು ನಗರಪಾಲಿಕೆಯ ಅಧೀನದಲ್ಲಿದ್ದರೆ, ಒಳಚರಂಡಿ ಜಲಮಂಡಳಿಯ ಅಧೀನದಲ್ಲಿದೆ. ಬಡಾವಣೆಗಳ ರಚನೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ, ವಿದ್ಯುತ್ ಕಂಬಗಳು ಬೆಸ್ಕಾಂಗೆ, ಭೂದಾಖಲೆ ಮತ್ತು ಸರ್ವೇ ಕಂದಾಯ ಇಲಾಖೆಗೆ, ಮಳೆಯ ಮಾಹಿತಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಸೇರಿವೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು (ಬಿಬಿಎಂಪಿ) ರಚಿಸಿದಾಗ, ಹೊರವಲಯದ ಮಳೆನೀರು ಕಾಲುವೆಗಳ ಜವಾಬ್ದಾರಿಯೂ ಅದರ ಮೇಲೆ ಬಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದವು.

ಪ್ರಮುಖ ಘಟನೆಗಳು

2005ರಿಂದ 2017

2005ರ ಅಕ್ಟೋಬರ್‌ನಲ್ಲಿ ನಗರದಲ್ಲಿ 605.6 ಮಿ.ಮೀ. ಮಳೆಯಾಯಿತು. ಅಕ್ಟೋಬರ್ ತಿಂಗಳೊಂದರಲ್ಲಿ ಬಿದ್ದ ಅತಿ ಹೆಚ್ಚಿನ ಮಳೆಯೆಂದು ಇದು ದಾಖಲಾಗಿದೆ. ಹೊರವಲಯದ ಹೊಸ ಬಡಾವಣೆಗಳು ಜಲಾವೃತಗೊಂಡು, ಕೆರೆಯಂಗಳದಲ್ಲಿ ನಿವೇಶನಗಳಿಗೆ ಅನುಮತಿ ನೀಡಿದ ಪ್ರಶ್ನೆ ಸಾರ್ವಜನಿಕ ಚರ್ಚೆಗೆ ಬಂತು.

2016ರ ಜುಲೈ ಕೊನೆಯಲ್ಲಿ ನಗರದ ದಕ್ಷಿಣ ಭಾಗದ ಕೋಡಿಚಿಕ್ಕನಹಳ್ಳಿ ಸುತ್ತಮುತ್ತ ಕೆರೆಯ ನೀರು ರಸ್ತೆಗೆ ಬಂದು, ಜನ ಬೀದಿಯಲ್ಲೇ ಮೀನು ಹಿಡಿದ ದೃಶ್ಯಗಳು ಪ್ರಸಾರವಾದವು. ಇದರ ಬೆನ್ನಲ್ಲೇ ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ನೇತೃತ್ವದ ಕಾಂಗ್ರೆಸ್ ಸರ್ಕಾರ ರಾಜಕಾಲುವೆ ಒತ್ತುವರಿ ತೆರವು ಕಾರ್ಯಾಚರಣೆಯನ್ನು ಆರಂಭಿಸಿತು. 2017ರ ಆಗಸ್ಟ್ 14ರ ರಾತ್ರಿ ಸುರಿದ ಮಳೆಗೆ ಕೋರಮಂಗಲ, ಎಚ್‌ಎಸ್‌ಆರ್ ಬಡಾವಣೆ, ಬಿಟಿಎಂ ಬಡಾವಣೆ, ಶಾಂತಿನಗರ ಮೊದಲಾದ ಪ್ರದೇಶಗಳು ಜಲಾವೃತವಾದವು. ಆ ವರ್ಷ ನಗರದ ಒಟ್ಟು ಮಳೆ 1,696 ಮಿ.ಮೀ. ತಲುಪಿ ಹೊಸ ದಾಖಲೆಯಾಯಿತು. 2022ರಲ್ಲಿ ಆ ದಾಖಲೆಯೂ ಮುರಿಯಿತು.

2022ರ ಪ್ರವಾಹ

2022ರ ಜೂನ್‌ನಲ್ಲಿ ಕೃಷ್ಣರಾಜಪುರದಲ್ಲಿ ಯುವ ಎಂಜಿನಿಯರೊಬ್ಬರು ಮಳೆನೀರು ಕಾಲುವೆಯಲ್ಲಿ ಕೊಚ್ಚಿಹೋದರು. ಆಗಸ್ಟ್ ಕೊನೆಯಲ್ಲಿ ಹಾಗೂ ಸೆಪ್ಟೆಂಬರ್ ಮೊದಲ ವಾರದಲ್ಲಿ ಸುರಿದ ಮಳೆಗೆ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ, ಮಹದೇವಪುರ ಪ್ರದೇಶಗಳು ಹಲವು ದಿನ ನೀರಿನಲ್ಲಿ ನಿಂತವು. ಐಷಾರಾಮಿ ವಿಲ್ಲಾಗಳ ನಿವಾಸಿಗಳನ್ನು ಟ್ರ್ಯಾಕ್ಟರ್ ಮತ್ತು ದೋಣಿಗಳಲ್ಲಿ ಹೊರತರಬೇಕಾಯಿತು. ಸೆಪ್ಟೆಂಬರ್ 5ರ ರಾತ್ರಿ ವೈಟ್‌ಫೀಲ್ಡ್ ಬಳಿಯ ಸಿದ್ದಾಪುರದಲ್ಲಿ ನೀರು ನಿಂತ ರಸ್ತೆಯಲ್ಲಿ ಸಾಗುತ್ತಿದ್ದ 23 ವರ್ಷದ ಯುವತಿಯೊಬ್ಬರು ವಿದ್ಯುತ್ ಕಂಬ ತಗುಲಿ ಮೃತಪಟ್ಟರು. ಮಳವಳ್ಳಿ ತಾಲ್ಲೂಕಿನ ಟಿ.ಕೆ. ಹಳ್ಳಿಯ ಪಂಪಿಂಗ್ ಕೇಂದ್ರಕ್ಕೆ ನೀರು ನುಗ್ಗಿದ್ದರಿಂದ, ಪ್ರವಾಹದ ನಡುವೆಯೇ ನಗರದ ಕಾವೇರಿ ನೀರಿನ ಪೂರೈಕೆ ಸ್ಥಗಿತಗೊಂಡಿತು.

ಹೊರವರ್ತುಲ ರಸ್ತೆಯ ಕಂಪನಿಗಳ ಸಂಘವು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರಿಗೆ ಪತ್ರ ಬರೆದು, ಆಗಸ್ಟ್ 30ರ ಒಂದೇ ದಿನ ನೌಕರರು ಸಂಚಾರದಲ್ಲಿ ಸಿಲುಕಿದ್ದರಿಂದ 225 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ತಿಳಿಸಿತು. ಈ ಪತ್ರ ರಾಷ್ಟ್ರಮಟ್ಟದಲ್ಲಿ ಸುದ್ದಿಯಾಯಿತು. ಅದೇ ವೇಳೆ, ತಗ್ಗುಪ್ರದೇಶದ ಗುಡಿಸಲು ಮತ್ತು ಕೊಳೆಗೇರಿಗಳಲ್ಲಿದ್ದ ವಲಸೆ ಕಾರ್ಮಿಕರ ನಷ್ಟಕ್ಕೆ ಅಷ್ಟು ಗಮನ ಸಿಗಲಿಲ್ಲವೆಂಬ ಪ್ರತಿಟೀಕೆಯೂ ಕೇಳಿಬಂತು.

2023ರಿಂದ 2025

2023ರ ಮೇ 21ರಂದು ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ನಿಂತ ಮಳೆನೀರಿನಲ್ಲಿ ಕಾರು ಮುಳುಗಿ ಆಂಧ್ರಪ್ರದೇಶ ಮೂಲದ ಯುವ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ಮೃತಪಟ್ಟರು. ವಿಧಾನಸೌಧಕ್ಕೆ ಕೂಗಳತೆಯ ದೂರದಲ್ಲಿ, ಹೊಸ ಸರ್ಕಾರ ಪ್ರಮಾಣವಚನ ಸ್ವೀಕರಿಸಿದ ಮರುದಿನವೇ ನಡೆದ ಈ ಸಾವು ತೀವ್ರ ಟೀಕೆಗೆ ಕಾರಣವಾಯಿತು. ಲೋಕಾಯುಕ್ತವು ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಂಡಿತು. 2024ರ ಅಕ್ಟೋಬರ್ 22ರಂದು ಮಳೆಯ ನಡುವೆ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು ಹಲವು ಕಾರ್ಮಿಕರು ಮೃತಪಟ್ಟರು. ಅನುಮತಿ ಮೀರಿ ಮಹಡಿಗಳನ್ನು ಕಟ್ಟುತ್ತಿದ್ದರೂ ತಡೆಯಲಿಲ್ಲವೆಂಬ ಆಕ್ಷೇಪ ಪಾಲಿಕೆಯ ಮೇಲೆ ಬಂತು.

2025ರ ಮೇ 18 ಮತ್ತು 19ರಂದು ಸುರಿದ ಮಳೆಗೆ ಹೊರಮಾವಿನ ಸಾಯಿ ಬಡಾವಣೆ, ಸಿಲ್ಕ್ ಬೋರ್ಡ್ ಸಂಧಿ ಮೊದಲಾದ ಸ್ಥಳಗಳು ಮತ್ತೆ ಜಲಾವೃತವಾದವು. ಬಿಟಿಎಂ ಬಡಾವಣೆಗೆ ಸೇರಿದ ಎನ್.ಎಸ್. ಪಾಳ್ಯದ ವಸತಿ ಸಮುಚ್ಚಯವೊಂದರ ನೆಲಮಾಳಿಗೆಯಿಂದ ನೀರು ಹೊರಹಾಕುವಾಗ ವಿದ್ಯುತ್ ಪ್ರವಹಿಸಿ, ಹಿರಿಯರೊಬ್ಬರು ಹಾಗೂ 12 ವರ್ಷದ ಬಾಲಕನೊಬ್ಬ ಮೃತಪಟ್ಟರು. ಮಹದೇವಪುರದಲ್ಲಿ ಕಾಂಪೌಂಡ್ ಗೋಡೆ ಕುಸಿದು ಸ್ವಚ್ಛತಾ ಕೆಲಸದ ಮಹಿಳೆಯೊಬ್ಬರು ಜೀವ ಕಳೆದುಕೊಂಡರು. ಮೇ 20ರಂದು ಹೊಸಪೇಟೆಯಲ್ಲಿ ಸರ್ಕಾರದ ಎರಡು ವರ್ಷಗಳ ಸಾಧನಾ ಸಮಾವೇಶ ನಡೆದುದನ್ನು ವಿರೋಧ ಪಕ್ಷಗಳಾದ ಬಿಜೆಪಿ ಮತ್ತು ಜೆಡಿಎಸ್ ಟೀಕಿಸಿದವು.

ಟೀಕೆಯ ಮುಖ್ಯ ಅಂಶಗಳು

ಮಳೆನೀರು ಕಾಲುವೆಗಳ ದುರವಸ್ಥೆ

ಟೀಕೆಗಳಲ್ಲಿ ಹೆಚ್ಚು ಅಧಿಕೃತವಾದುದು ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು (ಸಿಎಜಿ) ಬೆಂಗಳೂರಿನ ಮಳೆನೀರು ನಿರ್ವಹಣೆಯ ಕುರಿತು ಸಲ್ಲಿಸಿದ, 2021ರಲ್ಲಿ ವಿಧಾನಮಂಡಲದಲ್ಲಿ ಮಂಡಿತವಾದ ವರದಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ 113.24 ಕಿ.ಮೀ. ಇದ್ದ ಕೋರಮಂಗಲ ಕಣಿವೆಯ ಕಾಲುವೆಗಳ ಉದ್ದ 2016–17ರ ವೇಳೆಗೆ 62.84 ಕಿ.ಮೀ.ಗೆ ಇಳಿದಿತ್ತೆಂದೂ, ವೃಷಭಾವತಿ ಕಣಿವೆಯಲ್ಲಿ ಇದು 226.29 ಕಿ.ಮೀ.ನಿಂದ 111.72 ಕಿ.ಮೀ.ಗೆ ಕುಸಿದಿತ್ತೆಂದೂ ವರದಿ ದಾಖಲಿಸಿತು. ಎಂದರೆ ಎರಡೂ ಕಣಿವೆಗಳಲ್ಲಿ ನೀರು ಹರಿಯುವ ದಾರಿಯ ಅರ್ಧದಷ್ಟು ಭಾಗ ಅಳಿದುಹೋಗಿತ್ತು. ಕಾಲುವೆಗಳ ಸಮಗ್ರ ದಾಖಲೆ ಪಾಲಿಕೆಯ ಬಳಿ ಇಲ್ಲದಿರುವುದು, ಮಳೆನೀರು ಕಾಲುವೆಗಳಿಗೆ ಕೊಳಚೆ ನೀರು ಸೇರುವುದು, ಕೆರೆಯಿಂದ ಕೆರೆಗೆ ಇದ್ದ ಸಂಪರ್ಕ ಕಡಿದುಹೋಗಿರುವುದು ವರದಿಯ ಇತರ ಆಕ್ಷೇಪಗಳಾಗಿದ್ದವು.

ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ಸಹೋದ್ಯೋಗಿಗಳ ಅಧ್ಯಯನಗಳು, ಕಟ್ಟಡ ಹಾಗೂ ರಸ್ತೆಗಳಿಂದ ಮುಚ್ಚಿದ ನೆಲ ಹೆಚ್ಚಿದಂತೆ ಹಸಿರುಹೊದಿಕೆ ಮತ್ತು ಜಲಮೂಲಗಳು ಕ್ಷೀಣಿಸಿರುವುದನ್ನು ತೋರಿಸಿವೆ. ನೆಲ ನೀರು ಇಂಗಿಸಿಕೊಳ್ಳದಿದ್ದರೆ ಸಾಧಾರಣ ಮಳೆಯೂ ಪ್ರವಾಹವಾಗುತ್ತದೆ ಎಂಬುದು ಈ ಅಧ್ಯಯನಗಳ ಸಾರ.

ಕಾಂಕ್ರೀಟ್ ಆಧಾರಿತ ಪರಿಹಾರ

ರಾಜಕಾಲುವೆಗಳಿಗೆ ಎರಡೂ ಬದಿಯಲ್ಲಿ ಎತ್ತರದ ಗೋಡೆ ಕಟ್ಟಿ, ತಳಕ್ಕೂ ಕಾಂಕ್ರೀಟ್ ಹಾಕುವುದು ಹಲವು ವರ್ಷಗಳಿಂದ ಪಾಲಿಕೆಯ ಮುಖ್ಯ ಕಾಮಗಾರಿಯಾಗಿದೆ. ಇದರಿಂದ ನೀರಿನ ವೇಗ ಹೆಚ್ಚಿ, ಮೇಲಿನ ಬಡಾವಣೆಯ ಸಮಸ್ಯೆ ಕೆಳಗಿನ ಬಡಾವಣೆಗೆ ವರ್ಗವಾಗುತ್ತದೆ ಎಂದು ಜಲತಜ್ಞರು ಆಕ್ಷೇಪಿಸುತ್ತಾರೆ. ಇಂಗುವಿಕೆಗೆ ಅವಕಾಶ ಇಲ್ಲದಿರುವುದರಿಂದ ಮಳೆಗಾಲದಲ್ಲಿ ಮುಳುಗುವ ನಗರವೇ ಬೇಸಿಗೆಯಲ್ಲಿ ಅಂತರ್ಜಲವಿಲ್ಲದೆ ಟ್ಯಾಂಕರ್ ನೀರಿಗೆ ಕಾಯಬೇಕಾಗುತ್ತದೆ. 2024ರ ಬೇಸಿಗೆಯಲ್ಲಿ ಉಂಟಾದ ತೀವ್ರ ನೀರಿನ ಅಭಾವವನ್ನು ಇದಕ್ಕೆ ನಿದರ್ಶನವಾಗಿ ನೀಡಲಾಗುತ್ತದೆ.

ಮುನ್ಸೂಚನೆ ಮತ್ತು ಕ್ರಮಗಳ ನಡುವಿನ ಅಂತರ

ಮಳೆಯ ಮಾಹಿತಿ ಸಂಗ್ರಹದಲ್ಲಿ ಕರ್ನಾಟಕ ಮುಂಚೂಣಿಯಲ್ಲಿರುವ ರಾಜ್ಯ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭಗೊಂಡ ಸಂಸ್ಥೆಯು 2007ರಲ್ಲಿ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂದು ಮರುನಾಮಕರಣಗೊಂಡಿತು. ಅದು ರಾಜ್ಯದಾದ್ಯಂತ ಸ್ವಯಂಚಾಲಿತ ಮಳೆಮಾಪಕಗಳ ಜಾಲವನ್ನು ಹೊಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯೊಂದಿಗೆ ಸೇರಿ ಬೆಂಗಳೂರಿಗಾಗಿ ನಗರ ಪ್ರವಾಹ ಮಾದರಿಯನ್ನೂ, ಸಾರ್ವಜನಿಕರಿಗಾಗಿ 'ಮೇಘ ಸಂದೇಶ' ಎಂಬ ಮೊಬೈಲ್ ಆ್ಯಪ್ ಅನ್ನೂ 2020ರಲ್ಲಿ ಬಿಡುಗಡೆ ಮಾಡಿತು. ಹೀಗಿದ್ದೂ ಮುನ್ನೆಚ್ಚರಿಕೆ ದೊರೆತ ಮೇಲೆ ಕೆಳಸೇತುವೆಯನ್ನು ಯಾರು ಮುಚ್ಚಬೇಕು, ವಿದ್ಯುತ್ತನ್ನು ಯಾರು ಕಡಿತಗೊಳಿಸಬೇಕು, ತಗ್ಗಿನ ಮನೆಗಳ ಜನರನ್ನು ಎಲ್ಲಿಗೆ ಸ್ಥಳಾಂತರಿಸಬೇಕು ಎಂಬುದು ಸ್ಪಷ್ಟವಾಗಿಲ್ಲವೆಂಬುದು ಟೀಕಾಕಾರರ ವಾದ. 2022ರ ಸಿದ್ದಾಪುರ, 2023ರ ಕೆ.ಆರ್. ವೃತ್ತ ಮತ್ತು 2025ರ ಎನ್.ಎಸ್. ಪಾಳ್ಯದ ಸಾವುಗಳು ನೀರಿನ ಸೆಳೆತದಿಂದ ಸಂಭವಿಸಿದವಲ್ಲ. ನಿಂತ ನೀರು ಮತ್ತು ವಿದ್ಯುತ್ತಿನಿಂದ ಸಂಭವಿಸಿದವು ಎಂಬ ಅಂಶವನ್ನು ಈ ವಾದದಲ್ಲಿ ಎತ್ತಿ ತೋರಿಸಲಾಗುತ್ತದೆ.

ತೆರವು ಕಾರ್ಯಾಚರಣೆಯಲ್ಲಿ ತಾರತಮ್ಯ

ಪ್ರತಿ ದೊಡ್ಡ ಪ್ರವಾಹದ ನಂತರವೂ ಒತ್ತುವರಿ ತೆರವು ಆರಂಭಗೊಂಡು ಕೆಲವು ವಾರಗಳಲ್ಲಿ ನಿಂತುಹೋಗುತ್ತದೆ ಎಂಬ ದೂರು ಸಾಮಾನ್ಯ. 2016ರ ಕಾರ್ಯಾಚರಣೆಯಲ್ಲಿ ಬ್ಯಾಂಕ್ ಸಾಲ ಮಾಡಿ ನಿವೇಶನ ಕೊಂಡ, ನೋಂದಣಿ ಪತ್ರ ಮತ್ತು ಪಾಲಿಕೆಯ ಖಾತೆ ಹೊಂದಿದ್ದ ಮಧ್ಯಮವರ್ಗದ ಕುಟುಂಬಗಳ ಮನೆಗಳು ನೆಲಸಮವಾದವು. ಅನುಮತಿ ನೀಡಿದ ಅಧಿಕಾರಿಗಳೂ ನಿವೇಶನ ಮಾರಿದವರೂ ಶಿಕ್ಷೆಯಿಂದ ಪಾರಾಗಿ, ಕೊಂಡವರು ಮಾತ್ರ ಬೀದಿಗೆ ಬಂದರೆಂಬ ಆಕ್ಷೇಪ ವ್ಯಕ್ತವಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ ವಲಯದಲ್ಲಿ ನಡೆದ ಕಾರ್ಯಾಚರಣೆಯಲ್ಲಿಯೂ ದೊಡ್ಡ ಸಂಸ್ಥೆಗಳು ತಡೆಯಾಜ್ಞೆ ಪಡೆಯಲು ಕಾಲಾವಕಾಶ ಸಿಕ್ಕಿತು, ಸಣ್ಣ ಮನೆಗಳಿಗೆ ಸಿಗಲಿಲ್ಲ ಎಂಬ ಟೀಕೆ ಕೇಳಿಬಂತು.

ಪರಿಹಾರ ವಿತರಣೆ

ಪ್ರವಾಹದಲ್ಲಿ ಮೃತಪಟ್ಟವರ ಕುಟುಂಬಕ್ಕೆ ನಿಗದಿತ ಪರಿಹಾರವನ್ನೂ, ನೀರು ನುಗ್ಗಿದ ಮನೆಗಳಿಗೆ ತುರ್ತು ನೆರವನ್ನೂ ರಾಜ್ಯ ವಿಪತ್ತು ಸ್ಪಂದನ ನಿಧಿಯ ನಿಯಮಗಳಡಿ ಹಾಗೂ ರಾಜ್ಯ ಸರ್ಕಾರದ ಆದೇಶಗಳಂತೆ ನೀಡಲಾಗುತ್ತದೆ. ಈ ನಿಯಮಗಳು ಮೂಲತಃ ಗ್ರಾಮೀಣ ಪ್ರದೇಶದ ಬೆಳೆ, ಜಾನುವಾರು ಮತ್ತು ಮನೆ ನಷ್ಟವನ್ನು ಗಮನದಲ್ಲಿಟ್ಟು ರೂಪುಗೊಂಡವು. ನಗರದ ಬಾಡಿಗೆದಾರರು, ನೆಲಮಾಳಿಗೆಯ ಕೋಣೆಗಳಲ್ಲಿ ವಾಸಿಸುವವರು, ಶೆಡ್ಡುಗಳ ಕಟ್ಟಡ ಕಾರ್ಮಿಕರು, ಬೀದಿಬದಿ ವ್ಯಾಪಾರಿಗಳು ಮತ್ತು ಗೃಹಕೈಗಾರಿಕೆ ನಡೆಸುವವರ ನಷ್ಟ ಇವುಗಳೊಳಗೆ ಸುಲಭವಾಗಿ ಬರುವುದಿಲ್ಲ. ಸ್ಥಳೀಯ ವಿಳಾಸದ ದಾಖಲೆ ಇಲ್ಲದ ವಲಸೆ ಕಾರ್ಮಿಕರು ಹಾನಿಯ ಪಟ್ಟಿಯಿಂದಲೇ ಹೊರಗುಳಿಯುತ್ತಾರೆ ಎಂಬುದು ಕಾರ್ಮಿಕ ಸಂಘಟನೆಗಳ ಮುಖ್ಯ ಆಕ್ಷೇಪವಾಗಿದೆ.

ಚುನಾಯಿತ ಪ್ರತಿನಿಧಿಗಳ ಗೈರು

ಬಿಬಿಎಂಪಿ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್ 10ರಂದು ಮುಗಿಯಿತು. ವಾರ್ಡುಗಳ ಪುನರ್ವಿಂಗಡಣೆ, ಮೀಸಲಾತಿ ಪಟ್ಟಿಯ ವಿವಾದ ಮತ್ತು ಆಡಳಿತ ಪುನರ್ರಚನೆಯ ಕಾರಣಗಳಿಂದ 2025ರ ಅಂತ್ಯದವರೆಗೂ ಚುನಾವಣೆ ನಡೆಯಲಿಲ್ಲ. 2022ರ ಮತ್ತು ನಂತರದ ಪ್ರವಾಹಗಳನ್ನು ನಗರ ಎದುರಿಸಿದ್ದು ಕಾರ್ಪೊರೇಟರುಗಳಿಲ್ಲದೆ, ಆಡಳಿತಾಧಿಕಾರಿಗಳ ಅಧೀನದಲ್ಲಿ. ನೀರು ನುಗ್ಗಿದ ರಾತ್ರಿ ಬಾಗಿಲು ತಟ್ಟಲು ವಾರ್ಡಿನ ಸದಸ್ಯರೇ ಇಲ್ಲವೆಂಬ ದೂರು ಹಳೆಯ ಬಡಾವಣೆಗಳಲ್ಲೂ ಹೊಸ ಬಡಾವಣೆಗಳಲ್ಲೂ ಸಮಾನವಾಗಿತ್ತು. ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ನೀಡುವ ಸಂವಿಧಾನದ 74ನೇ ತಿದ್ದುಪಡಿಯ ಆಶಯಕ್ಕೆ ಇದು ವಿರುದ್ಧವೆಂದು ನಾಗರಿಕ ಸಂಘಟನೆಗಳು ವಾದಿಸಿದವು.

ಸರ್ಕಾರದ ಸಮರ್ಥನೆ ಮತ್ತು ಕ್ರಮಗಳು

ಅಧಿಕಾರದಲ್ಲಿದ್ದ ಸರ್ಕಾರಗಳು ಸಾಮಾನ್ಯವಾಗಿ ಎರಡು ಸಮರ್ಥನೆಗಳನ್ನು ನೀಡಿವೆ: ಮಳೆ ಅಸಾಧಾರಣ ಪ್ರಮಾಣದ್ದಾಗಿತ್ತು ಮತ್ತು ಸಮಸ್ಯೆ ಹಿಂದಿನವರಿಂದ ಬಂದುದು. 2022ರಲ್ಲಿ ಬೊಮ್ಮಾಯಿ ಅವರು ಸುಮಾರು 90 ವರ್ಷಗಳಲ್ಲಿ ಕಾಣದಂಥ ಮಳೆಯಾಗಿದೆ, ಸಮಸ್ಯೆ ಮುಖ್ಯವಾಗಿ ಮಹದೇವಪುರ ಮತ್ತು ಬೊಮ್ಮನಹಳ್ಳಿ ವಲಯಗಳಲ್ಲಿದೆ ಎಂದು ಹೇಳಿ, ಹಿಂದಿನ ಕಾಂಗ್ರೆಸ್ ಸರ್ಕಾರಗಳ ಯೋಜನಾರಹಿತ ಆಡಳಿತವನ್ನು ಕಾರಣವಾಗಿ ಮುಂದಿಟ್ಟರು. ಮಹದೇವಪುರ ವಲಯವೊಂದರಲ್ಲೇ 69 ಕೆರೆಗಳಿದ್ದು, ಅವು ತುಂಬಿ ಹರಿದುದನ್ನೂ ಅವರು ಉಲ್ಲೇಖಿಸಿದರು. 2025ರಲ್ಲಿ ಬೆಂಗಳೂರು ಅಭಿವೃದ್ಧಿ ಸಚಿವರೂ ಆದ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್, ಪ್ರವಾಹಕ್ಕೀಡಾಗುವ 210 ಸ್ಥಳಗಳನ್ನು ಗುರುತಿಸಿ 166ರಲ್ಲಿ ಸಮಸ್ಯೆ ಬಗೆಹರಿಸಲಾಗಿದೆ ಎಂದು ತಿಳಿಸಿದರು.

ಕೈಗೊಂಡ ಕ್ರಮಗಳಲ್ಲಿ ರಾಜಕಾಲುವೆಗಳ ಹೂಳೆತ್ತುವಿಕೆ ಮತ್ತು ತಡೆಗೋಡೆ ನಿರ್ಮಾಣ, ಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸಂವೇದಕಗಳ ಅಳವಡಿಕೆ, ಕೆರೆಗಳ ಪುನಶ್ಚೇತನ ಹಾಗೂ ವಿಶ್ವಬ್ಯಾಂಕ್ ನೆರವಿನ ಮಳೆನೀರು ಕಾಲುವೆ ಯೋಜನೆ ಸೇರಿವೆ. ಕೆ–100 ಕಾಲುವೆಯಲ್ಲಿ ಕೊಳಚೆಯನ್ನು ಬೇರ್ಪಡಿಸಿ, ದಂಡೆಗಳಲ್ಲಿ ನಡಿಗೆದಾರಿ ನಿರ್ಮಿಸುವ ಯೋಜನೆಯನ್ನು 2021ರ ಸುಮಾರಿಗೆ ಕೈಗೆತ್ತಿಕೊಳ್ಳಲಾಯಿತು. ಕೋರಮಂಗಲ ಕಣಿವೆಯ ಸುಧಾರಣೆಗೆ ಇದು ಮಾದರಿಯಾಗುವುದೆಂಬ ನಿರೀಕ್ಷೆ ಇತ್ತು. ಆದರೆ ಗಡುವು ಪದೇ ಪದೇ ಮುಂದೂಡಲ್ಪಟ್ಟಿದ್ದು ಮತ್ತು ಕೊಳಚೆ ಸೇರುವುದು ಪೂರ್ತಿ ನಿಲ್ಲದಿರುವುದು ಟೀಕೆಗೆ ಗುರಿಯಾಯಿತು.

ನ್ಯಾಯಾಲಯಗಳು ಮತ್ತು ಸಮಿತಿಗಳು

ಕೆರೆಗಳ ರಕ್ಷಣೆಗೆ ಎನ್. ಲಕ್ಷ್ಮಣರಾವ್ ಅಧ್ಯಕ್ಷತೆಯ ಸಮಿತಿ 1980ರ ದಶಕದಲ್ಲೇ ಶಿಫಾರಸು ಮಾಡಿತ್ತು. ಭೂ ಒತ್ತುವರಿಯ ಕುರಿತು ಎ.ಟಿ. ರಾಮಸ್ವಾಮಿ ನೇತೃತ್ವದ ಜಂಟಿ ಸದನ ಸಮಿತಿ, ಕೆರೆ ಒತ್ತುವರಿಯ ಕುರಿತು ಕೆ.ಬಿ. ಕೋಳಿವಾಡ ನೇತೃತ್ವದ ಸದನ ಸಮಿತಿ ವಿವರವಾದ ವರದಿಗಳನ್ನು ನೀಡಿದವು. ವರದಿಗಳ ಕೊರತೆಯಲ್ಲ, ಅವುಗಳ ಜಾರಿಯ ಕೊರತೆಯೇ ಸಮಸ್ಯೆ ಎಂಬ ಮಾತಿಗೆ ಇವು ಆಧಾರವಾಗಿವೆ.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಮೇ 4ರಂದು ಕೆರೆಗಳ ಸುತ್ತ 75 ಮೀಟರ್, ಪ್ರಾಥಮಿಕ, ದ್ವಿತೀಯ ಹಾಗೂ ತೃತೀಯ ಹಂತದ ರಾಜಕಾಲುವೆಗಳ ಬದಿಯಲ್ಲಿ ಕ್ರಮವಾಗಿ 50, 35 ಮತ್ತು 25 ಮೀಟರ್ ಮೀಸಲು ವಲಯ ಇರಬೇಕೆಂದು ಆದೇಶಿಸಿತು. ಸುಪ್ರೀಂ ಕೋರ್ಟ್ 2019ರ ಮಾರ್ಚ್ 5ರಂದು ಈ ನಿರ್ದೇಶನವನ್ನು ರದ್ದುಪಡಿಸಿತು. ಮಹಾಯೋಜನೆಯಲ್ಲಿನ ಕಡಿಮೆ ಅಳತೆಗಳೇ ಮತ್ತೆ ಅನ್ವಯವಾದವು. ಮೀಸಲು ವಲಯ ಕುಗ್ಗಿದ್ದರಿಂದ ತಗ್ಗುಪ್ರದೇಶಗಳಲ್ಲಿ ನಿರ್ಮಾಣ ಹೆಚ್ಚಿತೆಂದು ಪರಿಸರವಾದಿಗಳು ಅಭಿಪ್ರಾಯಪಟ್ಟರೆ, ಈಗಾಗಲೇ ಕಾನೂನುಬದ್ಧ ಅನುಮತಿ ಪಡೆದವರಿಗೆ ಅನ್ಯಾಯವಾಗುವುದು ತಪ್ಪಿತೆಂದು ನಿರ್ಮಾಣ ಉದ್ಯಮ ವಾದಿಸಿತು.

ರಾಜ್ಯದ ಇತರ ವಿಕೋಪಗಳಲ್ಲಿ ಟೀಕೆ

ಬೆಂಗಳೂರಿನ ಹೊರಗೂ ಇದೇ ಬಗೆಯ ಪ್ರಶ್ನೆಗಳು ಎದ್ದಿವೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕದಲ್ಲಿ ಸಂಭವಿಸಿದ ಪ್ರವಾಹದಲ್ಲಿ 200ಕ್ಕೂ ಹೆಚ್ಚು ಜನ ಮೃತಪಟ್ಟರು. ಸಂತ್ರಸ್ತರಿಗೆ ದಾನಿಗಳ ನೆರವಿನಿಂದ ಮನೆ ಕಟ್ಟಿಸುವ 'ಆಸರೆ' ಯೋಜನೆ ಜಾರಿಗೆ ಬಂದರೂ, ಹೊಲಗಳಿಂದ ದೂರದಲ್ಲಿದ್ದ ನವಗ್ರಾಮಗಳಿಗೆ ಅನೇಕರು ಹೋಗಲಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತದಲ್ಲಿ ಮನೆ ಕಳೆದುಕೊಂಡ ಕುಟುಂಬಗಳು ಜಂಬೂರಿನ ಹೊಸ ಮನೆಗಳಿಗಾಗಿ 2020ರವರೆಗೆ ಕಾಯಬೇಕಾಯಿತು. ಅದೇ ವರ್ಷ ಹಾಸನ ಜಿಲ್ಲೆಯ ರಾಮನಾಥಪುರದ ಪರಿಹಾರ ಕೇಂದ್ರದಲ್ಲಿ ಅಂದಿನ ಸಚಿವ ಎಚ್.ಡಿ. ರೇವಣ್ಣ ಸಂತ್ರಸ್ತರತ್ತ ಬಿಸ್ಕತ್ತಿನ ಪೊಟ್ಟಣಗಳನ್ನು ಎಸೆದ ದೃಶ್ಯ ಪ್ರಸಾರವಾಗಿ ವ್ಯಾಪಕ ಖಂಡನೆಗೆ ಒಳಗಾಯಿತು.

2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಸೇರಿದಂತೆ ಅನೇಕ ಜಿಲ್ಲೆಗಳು ಮುಳುಗಿದಾಗ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರ ಸಂಪುಟದಲ್ಲಿ ಬೇರೊಬ್ಬ ಸಚಿವರಿರಲಿಲ್ಲ. ಜುಲೈ 26ರಂದು ಪ್ರಮಾಣವಚನ ಸ್ವೀಕರಿಸಿದ ಅವರ ಸಂಪುಟ ವಿಸ್ತರಣೆಯಾದುದು ಆಗಸ್ಟ್ 20ರಂದು. ರಾಜ್ಯವು ಸುಮಾರು 35,000 ಕೋಟಿ ರೂಪಾಯಿ ನಷ್ಟವನ್ನು ಅಂದಾಜಿಸಿದ್ದರೆ, ಕೇಂದ್ರವು ಅಕ್ಟೋಬರ್‌ನಲ್ಲಿ ಮಧ್ಯಂತರ ನೆರವಾಗಿ 1,200 ಕೋಟಿ ಬಿಡುಗಡೆ ಮಾಡಿತು. 2023ರ ಬರದಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ ರಾಜ್ಯ, 18,171 ಕೋಟಿ ನೆರವು ಕೋರಿ, ವಿಳಂಬವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸುಮಾರು 3,454 ಕೋಟಿಗೆ ಒಪ್ಪಿಗೆ ನೀಡಿತು. 2024ರ ಜುಲೈನಲ್ಲಿ ಉತ್ತರ ಕನ್ನಡ ಜಿಲ್ಲೆಯ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಗುಡ್ಡ ಕುಸಿದಾಗ, ಹೆದ್ದಾರಿ ಅಗಲೀಕರಣಕ್ಕೆ ಗುಡ್ಡ ಕಡಿದ ರೀತಿ ಮತ್ತು ಶೋಧಕಾರ್ಯದ ವೇಗ ಎರಡೂ ಪ್ರಶ್ನೆಗೆ ಒಳಗಾದವು.

ಇತರ ನಗರಗಳೊಂದಿಗೆ ಹೋಲಿಕೆ

ನಗರ ಪ್ರವಾಹದ ಹೊಣೆಗಾರಿಕೆಯ ಚರ್ಚೆ ಬೆಂಗಳೂರಿಗೆ ಸೀಮಿತವಲ್ಲ. 2005ರ ಜುಲೈ 26ರಂದು ಮುಂಬಯಿಯಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆಯಾದಾಗ ಮೀಠಿ ನದಿಯ ಒತ್ತುವರಿ ಚರ್ಚೆಯ ಕೇಂದ್ರವಾಯಿತು. 2015ರ ಚೆನ್ನೈ ಪ್ರವಾಹದ ಕುರಿತು ಸಿಎಜಿ, ಚೆಂಬರಂಬಾಕ್ಕಂ ಜಲಾಶಯದಿಂದ ನೀರು ಬಿಟ್ಟ ರೀತಿಯನ್ನು ಪ್ರಶ್ನಿಸಿ, ಅದು ಮಾನವನಿರ್ಮಿತ ವಿಪತ್ತೆಂದು ಬಣ್ಣಿಸಿತು. ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತದ ನಂತರ ನ್ಯೂ ಆರ್ಲಿಯನ್ಸ್ ನಗರದ ಬಡವರ ರಕ್ಷಣೆಯಲ್ಲಾದ ವಿಳಂಬಕ್ಕೆ ಒಕ್ಕೂಟ ಸರ್ಕಾರ ತೀವ್ರ ಟೀಕೆಗೊಳಗಾಗಿ, ತುರ್ತು ನಿರ್ವಹಣಾ ಸಂಸ್ಥೆಯ ಮುಖ್ಯಸ್ಥರು ರಾಜೀನಾಮೆ ನೀಡಿದರು. ಬೆಂಗಳೂರಿನ ಪ್ರಕರಣ ಇವುಗಳಿಂದ ಒಂದು ಮುಖ್ಯ ಅಂಶದಲ್ಲಿ ಭಿನ್ನವಾಗಿದೆ. ಇಲ್ಲಿ ಸಮುದ್ರವಿಲ್ಲ, ದೊಡ್ಡ ನದಿಯಿಲ್ಲ, ಚಂಡಮಾರುತದ ನೇರ ಹೊಡೆತವೂ ಇಲ್ಲ. ಎತ್ತರದ ನೆಲದಲ್ಲಿರುವ ಈ ನಗರದಿಂದ ನೀರು ಸಹಜವಾಗಿಯೇ ಕೆಳಕ್ಕೆ ಹರಿದುಹೋಗಬೇಕು. ಆದುದರಿಂದಲೇ ಇಲ್ಲಿನ ಪ್ರವಾಹವನ್ನು ನೈಸರ್ಗಿಕ ವಿಕೋಪವೆಂದು ಕರೆಯುವುದನ್ನೇ ಅನೇಕ ತಜ್ಞರು ಒಪ್ಪುವುದಿಲ್ಲ; ಮಳೆ ನೈಸರ್ಗಿಕ, ಮುಳುಗಡೆ ಆಡಳಿತದ ಫಲ ಎಂಬುದು ಅವರ ನಿಲುವು.

ಪರಿಣಾಮಗಳು

ಟೀಕೆಗಳ ಫಲವಾಗಿ ಕೆಲವು ಬದಲಾವಣೆಗಳಾಗಿವೆ. ಪ್ರವಾಹಕ್ಕೀಡಾಗುವ ಸ್ಥಳಗಳ ಪಟ್ಟಿಯನ್ನು ಪಾಲಿಕೆ ಮಳೆಗಾಲಕ್ಕೆ ಮೊದಲು ಸಿದ್ಧಪಡಿಸುತ್ತದೆ. 2023ರ ಸಾವಿನ ನಂತರ ಕೆಳಸೇತುವೆಗಳಲ್ಲಿ ಅಪಾಯಮಟ್ಟದ ಗುರುತು ಹಾಗೂ ತಡೆಬೇಲಿಯ ವ್ಯವಸ್ಥೆಗೆ ಗಮನ ನೀಡಲಾಯಿತು. ಒತ್ತುವರಿಯ ವಿವರಗಳನ್ನು ಹಳೆಯ ಕಂದಾಯ ನಕ್ಷೆಗಳೊಂದಿಗೆ ತಾಳೆ ನೋಡುವ ಕೆಲಸ ಮುಂದುವರಿದಿದೆ. ಆದರೆ ಕೆರೆ, ರಾಜಕಾಲುವೆ, ಒಳಚರಂಡಿ ಮತ್ತು ಭೂಬಳಕೆಯನ್ನು ಒಟ್ಟಾಗಿ ನಿರ್ವಹಿಸುವ ಒಂದೇ ಸಂಸ್ಥೆ, ಸಾವು ಸಂಭವಿಸಿದಾಗ ಯಾರು ಉತ್ತರದಾಯಿಗಳೆಂಬ ನಿಯಮ, ಬಾಡಿಗೆದಾರರಿಗೂ ವಲಸಿಗರಿಗೂ ತಲುಪುವ ಪರಿಹಾರ ಪದ್ಧತಿ ಎಂಬ ಮೂರು ಬೇಡಿಕೆಗಳು ಈಡೇರದೆ ಉಳಿದಿವೆ. ಹಿಂದೆ ಒಂದೇ ಪಾಲಿಕೆಯ ಅಧೀನದಲ್ಲಿದ್ದ ಕಾಲುವೆಗಳು ಐದು ಪಾಲಿಕೆಗಳ ಗಡಿಗಳನ್ನು ದಾಟಿ ಹರಿಯುವಾಗ ಸಮನ್ವಯ ಹೇಗೆ ಸಾಧ್ಯ ಎಂಬುದು 2025ರ ಪುನರ್ರಚನೆಯ ನಂತರ ಈ ಚರ್ಚೆಗೆ ಸೇರಿದ ಹೊಸ ಪ್ರಶ್ನೆಯಾಗಿದೆ.